ಕಿವಿ ಸರಿ ಇದೆ ಎಂದು ಬರೆದವಳು ನಾನು

ನಾನು ಹುಟ್ಟಾ ಪುಕ್ಕಲಿ. ಬಸ್ಸು ತಪ್ಪೀತೆಂದು ಅರ್ಧ ತಾಸು ಮೊದಲೇ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಹೋಗಿ ನಿಂತಿರುತ್ತೇನೆ. ಬಸ್ಸು ಹತ್ತಿದ ಮೇಲೆ ಮನೆಯ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಗಬ್ಬೂರು ಬರುವವರೆಗೂ ಮನೆಗೆ ಫೋನ್ ಮಾಡುತ್ತಲೇ ಇರುತ್ತೇನೆ. "ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಯಾಕ ಸಿಗಲಿಲ್ಲ ಅಂತ ಚಿಂತಿ ಮಾಡ್ತೀಯಲ್ಲ ನೀನು," ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ ಬಿಡಿ. ಸುಳ್ಳೇನಲ್ಲ. ಆದರೆ ಹುಲ್ಲುಕಡ್ಡಿಗೂ ಚಿಂತೆ ಮಾಡುವ ನಾನು, ಮಾಡಲೇಬೇಕಿದ್ದ ಒಂದು ಕಡೆ ಮಾತ್ರ ನಿಶ್ಚಿಂತೆಯಾಗಿ ಸಹಿ ಹಾಕಿಬಿಟ್ಟೆ. ಅದನ್ನೇ ಬರೆಯಲು ಕೂತಿದ್ದೇನೆ.

ನಾನು ಶಾಲೆಗಳಲ್ಲಿ ಮಾತಿನ ಚಿಕಿತ್ಸೆಯ ಸಹಾಯಕಿ. ಚಿಕಿತ್ಸಕಿ ಬೇರೆ ಇದ್ದಾರೆ. ಅವರು ಅದನ್ನೇ ಓದಿ ಬಂದವರು, ರಾಯಚೂರಿನ ಕಚೇರಿಯಲ್ಲಿ ಕೂರುತ್ತಾರೆ, ತಿಂಗಳಿಗೊಮ್ಮೆ ಒಂದೊಂದು ಶಾಲೆಗೆ ಬಂದು ಹೋಗುತ್ತಾರೆ. ನಾವೆಲ್ಲ ಅವರನ್ನು ಮೇಡಂ ಎನ್ನುತ್ತೇವೆ. ಅವರು ಹೇಳಿಕೊಟ್ಟ ಅಭ್ಯಾಸಗಳನ್ನು ಊರೂರು ತಿರುಗಿ ಮಕ್ಕಳಿಂದ ಮಾಡಿಸುವುದು ನನ್ನ ಕೆಲಸ. ಸೋಮವಾರ, ಮಂಗಳವಾರ ದೇವದುರ್ಗದ ಕಡೆ. ಬುಧವಾರ, ಗುರುವಾರ ಮಾನ್ವಿಯಿಂದ ಕವಿತಾಳದವರೆಗೆ. ಶುಕ್ರವಾರ ಕಚೇರಿಯಲ್ಲಿ ವರದಿ ಬರೆಯುವುದು. ಮಕ್ಕಳನ್ನು ಎದುರು ಕೂರಿಸಿಕೊಂಡು ಕನ್ನಡಿ ಹಿಡಿದು ತುಟಿ, ನಾಲಿಗೆ ತೋರಿಸುತ್ತೇನಲ್ಲ, ಹಾಗಾಗಿ ಎಷ್ಟೋ ಊರಲ್ಲಿ ನಾನು 'ಕನ್ನಡಿ ಟೀಚರ್'.

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಪ್ರತಿ ಮಗುವಿಗೂ ಒಂದು ಹಾಳೆ ತುಂಬಬೇಕು. ಅದರಲ್ಲಿ ಮೊಟ್ಟಮೊದಲ ಸಾಲೇ ಕಿವಿಯದು. ಮಗುವಿಗೆ ಕೇಳಿಸುತ್ತದೋ ಇಲ್ಲವೋ ನೋಡದೆ ಮಾತು ಕಲಿಸಲು ಕೂರಬಾರದು, ಅದು ನಮಗೆ ಕಲಿಸಿದ ಮೊದಲ ಪಾಠ. ನಮ್ಮ ಕೈಯಲ್ಲಿ ಯಂತ್ರ ಇರುವುದಿಲ್ಲ. ಮಕ್ಕಳನ್ನು ಸಾಲಾಗಿ ಕೂರಿಸಿ, ಬೆನ್ನ ಹಿಂದೆ ನಿಂತು, ಬಿಸಿಯೂಟದ ತಟ್ಟೆಗೆ ಚಮಚದಿಂದ ಬಡಿಯುವುದು. ತಿರುಗಿ ನೋಡಿದವರಿಗೆ 'ಸರಿ ಇದೆ' ಎಂದು ಗುರುತು. ನೋಡದವರಿಗೆ 'ಅನುಮಾನ'. ಅನುಮಾನದ ಹಾಳೆಗಳು ಮೇಡಂ ಟೇಬಲ್ಲಿಗೆ ಹೋಗುತ್ತವೆ, ಅಲ್ಲಿಂದ ವರ್ಷಕ್ಕೊಮ್ಮೆ ನಡೆಯುವ ಕಿವಿ ತಪಾಸಣೆಯ ಶಿಬಿರದ ಪಟ್ಟಿಗೆ. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಪರೀಕ್ಷಿಸಬೇಕೆಂದು ಮೇಡಂ ಹೇಳಿದ್ದರು. ಆದರೆ ಆ ವರ್ಷ ಒಂದು ಶಾಲೆಯಲ್ಲಿ, ಮಧ್ಯಾಹ್ನದ ಬಸ್ಸು ಹೋದರೆ ಮತ್ತೊಂದು ಶಾಲೆ ತಪ್ಪುತ್ತದೆಂಬ ಗಾಬರಿ ನನಗೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಮುಗಿಸಿದೆ.

ಗಬ್ಬೂರಿನಿಂದ ಒಳಗೆ ಹೋದರೆ ಸಿಗುವ ಆ ಸಣ್ಣ ಊರಿನ ಶಾಲೆಯಲ್ಲಿ ಎರಡನೇ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಏಳು ವರ್ಷ. ಅವಳ ತಂದೆ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರುವವರು. ತಾಯಿ ಹೊಲದ ಕೆಲಸಕ್ಕೆ ಹೋಗುವಾಕೆ. ಹುಡುಗಿಯ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಮಾತು ನುಂಗಿ, ಉಳಿದರ್ಧವನ್ನು ಮೂಗಿನಲ್ಲಿ ಎಳೆದು ಆಡುತ್ತಿದ್ದಳು. ತಟ್ಟೆ ಬಡಿದಾಗ ಅವಳೂ ತಿರುಗಿದಳು. ಪಕ್ಕದಲ್ಲಿ ತೊಡೆಗೆ ತೊಡೆ ಹತ್ತಿಸಿಕೊಂಡು ಕೂತಿದ್ದ ಅವಳ ಕಾಕನ ಮಗಳೂ ತಿರುಗಿದಳು. ಇಬ್ಬರಿಗೂ 'ಕಿವಿ ಸರಿ ಇದೆ' ಎಂದು ಬರೆದು ಸಹಿ ಹಾಕಿದೆ.

ಅಲ್ಲಿಂದ ವಾರ ವಾರ ಪಾಠ. ಕನ್ನಡಿ ಮುಂದೆ ಹುಡುಗಿ ಬಲು ಚುರುಕು. ನನ್ನ ತುಟಿಯಿಂದ ಕಣ್ಣು ಕೀಳುತ್ತಲೇ ಇರಲಿಲ್ಲ. ಪ, ಬ, ಮ ಮೂರೇ ವಾರದಲ್ಲಿ ಬಂದವು. ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ಕ, ಗ, ಸ ಮಾತ್ರ ಎಷ್ಟು ತಿಂಗಳು ತಿದ್ದಿದರೂ ಬರಲಿಲ್ಲ. ಪ, ಬ, ಮ ತುಟಿಯ ಮೇಲೆ ಕಾಣುತ್ತವೆ, ಕ, ಗ ಗಂಟಲ ಬುಡದಲ್ಲಿ, ಸ ಹಲ್ಲಿನ ಹಿಂದೆ ಹುಟ್ಟುತ್ತವೆ, ಕಾಣುವುದಿಲ್ಲ. ಕಾಣುವುದೆಲ್ಲ ಬರುತ್ತದೆ, ಕಾಣದ್ದು ಬರುವುದಿಲ್ಲ ಎಂದರೆ ಏನರ್ಥ ಎಂದು ಯಾವ ದಡ್ಡಿಗಾದರೂ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ. ಹಾಳೆಯಲ್ಲಿ ಕಿವಿ ಸರಿ ಇದೆ ಎಂದು ಇತ್ತಲ್ಲ, ನಾನೇ ಬರೆದದ್ದು!

ಶ್ರಾವಣದ ಒಂದು ಮಂಗಳವಾರ ಅವಳ ತಾಯಿ ಕೆಲಸ ಬಿಟ್ಟು ಶಾಲೆಗೆ ಬಂದಳು. ಗಟ್ಟಿ ದನಿಯ, ನೇರ ಮಾತಿನ ಹೆಂಗಸು.

"ಅಕ್ಕೋರೇ, ನಿಮ್ಮ ಮುಂದ ಛಂದಂಗ ಅಂತಾಳಂತ, ಮನ್ಯಾಗ ನನ್ನ ಮುಂದ ಬಾಯಿನಽ ತೆಗಿಯಂಗಿಲ್ಲ. ಕರದ್ರ ಬರಂಗಿಲ್ಲ, ಹೇಳಿದ್ದು ಕೇಳಂಗಿಲ್ಲ. ಸಣ್ಣಾಕಿದ್ದಾಗ ಮಾತು ಬರಲಿ ಅಂತ ಬಜಿ ಬೇರು ತೇದು ನೆಕ್ಕಿಸೀನಿ, ನಾಲಿಗಿಗೆ ಜೇನ ಹಚ್ಚೀನಿ. ಹಟ ರೀ ಆಕಿದು, ಬರೇ ಹಟ."

ನಾನು ದೊಡ್ಡ ತಿಳಿದವಳಂತೆ ಕುರ್ಚಿ ಎಳೆದು ಕೂತು ಹೇಳಿದೆ: "ನೋಡ್ರಿ ಯವ್ವಾ, ನೀವು ಕೇಳದಽ ಎಲ್ಲಾ ಕೊಟ್ಟುಬಿಡ್ತೀರಿ. ಅದಕ್ಕ ಆಕಿಗೆ ಮಾತಿನ ಜರೂರತ್ತೇ ಬಿದ್ದಿಲ್ಲ. ನೀರು ಬೇಕಂದ್ರ ನೀರು ಅನ್ನಲಿ, ರೊಟ್ಟಿ ಬೇಕಂದ್ರ ರೊಟ್ಟಿ ಅನ್ನಲಿ. ಬಾಯಿಬಿಟ್ಟು ಅನ್ನೋತನಕ ಕೊಡಬ್ಯಾಡ್ರಿ. ಸ್ವಲ್ಪ ಗಟ್ಟಿ ಆಗ್ರಿ."

"ಆತ್ರಿ ಅಕ್ಕೋರೇ. ನೀವು ಹೇಳಿದ ಮ್ಯಾಲೆ ಮುಗೀತು," ಎಂದು ಆಕೆ ಎದ್ದುಹೋದಳು. ಮಗುವಿನ ಬಾಯಿಂದ ಮಾತು ಹೊರಡಿಸಲು ನಾವು ಹೇಳುವ ಸಾಮಾನ್ಯ ಉಪಾಯ ಅದು, ಎಷ್ಟೋ ಮನೆಗಳಲ್ಲಿ ಫಲ ಕೊಟ್ಟದ್ದು. ಕೇಳಿಸುವ ಮಗುವಿಗೆ.

ದೀಪಾವಳಿ ಕಳೆದು ಹತ್ತಿ ಬಿಡಿಸುವ ಕಾಲ ಬಂತು. ಆ ದಿನಗಳಲ್ಲಿ ನಮ್ಮ ಕಡೆ ಶಾಲೆಗಳು ಅರ್ಧ ಖಾಲಿ. ಮಕ್ಕಳೆಲ್ಲ ಅವ್ವಂದಿರ ಜೊತೆ ಹೊಲದಲ್ಲಿ. ಆ ಸೋಮವಾರ ನಾನು ಹೋದಾಗ ವರ್ಗದಲ್ಲಿ ಆರೇಳು ಮಕ್ಕಳು. ಹುಡುಗಿ ಬಂದಿದ್ದಳು, ಕಾಕನ ಮಗಳು ಬಂದಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಪಾಟಿಯ ಮೇಲೆ ಏನೋ ಗೀಚುತ್ತ ಒಬ್ಬಳೇ ಕೂತಿದ್ದಳು. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ಉಳಿದ ಮಕ್ಕಳೆಲ್ಲ ತಿರುಗಿದರು, ಅವಳು ಗೀಚುತ್ತಲೇ ಇದ್ದಳು. ಇವಳ ಹಟ ನೋಡು ಎಂದು ಸಿಟ್ಟು ಬಂತು. ಆಮೇಲೆ ಯಾಕೋ ಕೈ ತಾನಾಗಿಯೇ ಮೂಲೆಯಲ್ಲಿದ್ದ ತಟ್ಟೆಯ ಕಡೆ ಹೋಯಿತು. ಅವಳ ಬೆನ್ನ ಹಿಂದೆ ಎರಡು ಮಾರು ದೂರ ನಿಂತು ಬಡಿದೆ. ಮತ್ತೆ ಬಡಿದೆ. ಪಕ್ಕದ ಕೋಣೆಯಿಂದ ಹೆಡ್ ಮಾಸ್ತರರು ಬಂದು, "ಊಟದ ಹೊತ್ತಾತೇನ್ರಿ?" ಎಂದು ಇಣುಕಿದರು. ಹುಡುಗಿ ಮುರಿದ ಬಳಪವನ್ನು ಹೊರಳಿಸಿ ನೋಡುತ್ತಿದ್ದಳು.

ನಾನು ಸುತ್ತಿ ಎದುರು ಹೋಗಿ ನಿಂತೆ. ಕಂಡ ಕೂಡಲೇ ಮುಖ ಅರಳಿಸಿ ನಕ್ಕಳು. ತಟ್ಟೆ ಬಡಿದ ದಿನ ಅವಳ ಪಕ್ಕ ಕೂತಿದ್ದವಳು ಎಲ್ಲಿ ಎಂದು ಹೆಡ್ ಮಾಸ್ತರರನ್ನು ಕೇಳಿದೆ.

ಕಾಕನ ಮಗಳು ರಸ್ತೆ ಪಕ್ಕದ ಹೊಲದಲ್ಲೇ ಇದ್ದಾಳೆಂದು ಹೆಡ್ ಮಾಸ್ತರರು ಹೇಳಿದರು. ಬಿಸಿಲಲ್ಲಿ ಹೊಲದ ಬದುವಿಗೆ ಹೋಗಿ ಕೂಗಿದೆ. ಉಡಿಯ ತುಂಬ ಹತ್ತಿ ಕಟ್ಟಿಕೊಂಡು ಓಡಿ ಬಂದಳು. ಜೂನ್‌ನಲ್ಲಿ ತಟ್ಟೆ ಬಡಿದ ದಿನ ನೆನಪಿದೆಯೇ, ನಿನ್ನ ತಂಗಿ ಹೇಗೆ ತಿರುಗಿದಳು ಎಂದು ಕೇಳಿದೆ.

"ನಾನಽ ತೊಡಿಗೆ ತಿವಿದಿದ್ದೆ ರೀ. ಇಲ್ಲಂದ್ರ ಆಕಿ ತಿರುಗಂಗಿಲ್ಲ, ನೀವು ಬೈತೀರಿ."

"ಯಾವಾಗಿಂದ ತಿವಿತಿ?"

"ಮೊದಲಿಂದ್ಲೂ ರೀ. ಹಿಂದ ನಿಂತು ಕರದ್ರ ಆಕಿಗೆ ಕೇಳಸಂಗಿಲ್ಲಲ್ಲ ರೀ."

"ಮತ್ತ ನನಗ ಹೇಳಬಾರದೇನಬೇ?"

"ನೀವು ಕೇಳಲಿಲ್ಲಲ್ರಿ," ಎಂದಳು, ನನ್ನ ಪ್ರಶ್ನೆಯೇ ವಿಚಿತ್ರ ಎನ್ನುವಂತೆ. ಆಮೇಲೆ ನನ್ನ ಮುಖ ನೋಡಿ ಹೆದರಿ, "ತಿವಿಬಾರದಿತ್ತೇನ್ರಿ?" ಎಂದಳು. ಅವಳದೇನೂ ತಪ್ಪಿಲ್ಲ ಎಂದು ಹೇಳಿ ಕಳಿಸಿದೆ.

ಆವತ್ತು ಬಸ್ಸಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಹುಡುಗಿಯ ವಿಚಾರ ಎಂದು ಬರೆಯುವ ಆಸೆ. ಅಲ್ಲ, ನನ್ನ ವಿಚಾರ. ಆ ಹಾಳೆ, ಆ ಸಹಿ. ನನ್ನದು ವರ್ಷಾವರ್ಷಾ ಮುಂದುವರಿಸುವ ಕೆಲಸ. ಮೇಡಂ ಒಳ್ಳೆಯ ಮಾತು ಬರೆದರೆ ಉಂಟು, ಇಲ್ಲವಾದರೆ ಇಲ್ಲ. ಬರುವ ವಾರದ ಗುರುವಾರ ಮಾನ್ವಿಯಲ್ಲಿ ಎರಡೂ ತಾಲ್ಲೂಕಿನ ಮಕ್ಕಳಿಗೆ ಕಿವಿ ಶಿಬಿರ. ಶುಕ್ರವಾರಕ್ಕೆ ಪಟ್ಟಿ ಮುಗಿಯುತ್ತದೆ. ಈ ಸಲ ತಪ್ಪಿದರೆ ಹುಡುಗಿಗೆ ಕಿವಿಯ ಮಷಿನ್ ಸಿಗಲು ಇನ್ನೊಂದು ವರ್ಷ. ಏಳು ವರ್ಷ ಹೋಗಿದೆ, ಎಂಟನೆಯದೂ ಹೋಗುತ್ತದೆ. ತಡವಾದಷ್ಟೂ ಮಾತು ದೂರ ಎಂದು ನಾನೇ ಎಷ್ಟು ತಾಯಂದಿರಿಗೆ ಹೇಳಿಲ್ಲ? ಪಟ್ಟಿಗೆ ಸೇರಿಸಲೇಬೇಕು. ಆದರೆ ಸೇರಿಸಬೇಕೆಂದರೆ ಹಾಳೆ ಬದಲಾದದ್ದು ಯಾಕೆಂದು ಹೇಳಬೇಕು.

ನಾಲ್ಕು ದಿನ ಅನ್ನ ಸೇರಲಿಲ್ಲ. ಹೇಳುವ ಮಾತನ್ನು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ತುಟಿ ಅಲುಗಿಸುತ್ತ ಉರು ಹೊಡೆದೆ. ಶುಕ್ರವಾರ ಮೇಡಂ ಎದುರು ನಿಂತು ಹುಡುಗಿಯ ಹೆಸರು ಹೇಳಿದೆ. ಅವರು ಕಡತ ತೆಗೆದು, "ಇದರಾಗ ಕಿವಿ ಸರಿ ಅದ ಅಂತ ಬರದೀರಲ್ಲ?" ಎಂದರು. ಸಿಟ್ಟಿನಿಂದಲ್ಲ, ಸುಮ್ಮನೆ.

ಉರು ಹೊಡೆದದ್ದು ಒಂದು. ಬಾಯಿಗೆ ಬಂದದ್ದು ಬೇರೆ. "ಆಗ ಸರಿ ಇತ್ರಿ ಮೇಡಂ. ದಸರಾ ಆದ ಮ್ಯಾಲೆ ಕಿವಿ ಸೋರಾಕತ್ತದ. ಅದಕ್ಕ ಈಗ ಕೇಳಿಸವಲ್ದು."

ಪೂರ್ತಿ ಸುಳ್ಳೂ ಅಲ್ಲ. ಅವಳ ಎಡಗಿವಿ ಆಗಾಗ ಸೋರುತ್ತಿದ್ದದ್ದು ನಿಜ, ಹತ್ತಿ ಇಟ್ಟುಕೊಂಡು ಬರುತ್ತಿದ್ದಳು. ಮೇಡಂ ತಲೆಯಾಡಿಸಿ ಹಾಳೆಯ ಮೇಲೆ ಹಾಗೆಯೇ ಬರೆದು, ಹೆಸರನ್ನು ಪಟ್ಟಿಗೆ ಸೇರಿಸಿದರು. "ಛಲೋ ಮಾಡಿದ್ರಿ, ಲಗೂನ ಗುರುತು ಹಿಡದ್ರಿ," ಎಂದು ಹೊಗಳಿದರು ಕೂಡ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆದರೂ ಹೊರಗೆ ಬಂದು ಒಂದು ಕಪ್ ಚಹಾ ಕುಡಿದೆ, ನಾಲ್ಕು ದಿನದಲ್ಲಿ ಮೊದಲ ಸಲ ರುಚಿ ಹತ್ತಿತು. ಯಾರಿಗೇನು ಕೆಟ್ಟದಾಯಿತು, ಹುಡುಗಿ ಪಟ್ಟಿಯಲ್ಲಿ ಬಂದಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ತಾಯಿಗೂ ಅದನ್ನೇ ಹೇಳಿದೆ, ಮೊದಲು ಸರಿ ಇತ್ತು, ದಸರಾದಿಂದ ಕಿವಿ ಸೋರುತ್ತದಲ್ಲ, ಸ್ವಲ್ಪ ಮಂದ ಕೇಳಿಸುತ್ತಿರಬಹುದು, ತೋರಿಸಿಕೊಂಡು ಬರೋಣ ಎಂದು.

ಗುರುವಾರ ಬೆಳಿಗ್ಗೆ ತಾಯಿ, ಮಗಳು ಮೊದಲ ಬಸ್ಸಿಗೆ ರಾಯಚೂರಿಗೆ ಬಂದರು. ಅಲ್ಲಿಂದ ಮೂವರೂ ಮಾನ್ವಿ ಬಸ್ಸು ಹತ್ತಿದೆವು. ಹುಡುಗಿ ಕಿಟಕಿಯ ಪಕ್ಕ ಕೂತಳು. ತಾಯಿ ನನ್ನ ಪಕ್ಕ ಕೂತು, ಊರು ದಾಟುವ ಮೊದಲೇ ಮಾತು ತೆಗೆದಳು.

"ಅಕ್ಕೋರೇ, ನೀವು ಹೇಳಿದಂಗಽ ಗಟ್ಟಿ ಆಗೀನ್ರಿ. ದಿನಾ ಸಂಜೀಕ ಒಲಿ ಮುಂದ ರೊಟ್ಟಿ ಬಡಕೊಂತ ಅಂತೀನಿ, ಅನ್ನು ಬೇ, ರೊಟ್ಟಿ ಅನ್ನು, ಅಂದ್ರ ಕೊಡ್ತೀನಿ ಅಂತ. ಹಿಂದ ಗ್ವಾಡಿಗೆ ಆತು ಕುಂತಿರ್ತಾಳ, ತುಟಿ ಪಿಟಕ್ಕನ್ನಂಗಿಲ್ಲ. ಬಿಸಿ ರೊಟ್ಟಿ ನೋಡಿ ಕೈ ಚಾಚ್ತಾಳ. ನಾ ಕೊಡಂಗಿಲ್ಲ. ಮೊನ್ನಿ ಸಿಟ್ಟು ತಡಿಲಿಲ್ರಿ, ಎರಡು ಬಾರಿಸಿಬಿಟ್ಟೆ. ಉಪಾಸನಽ ಮಲಗಿದಳು. ಎಷ್ಟು ದಿನ ಹಟ ಮಾಡ್ತಾಳ ನೋಡ್ತೀನಿ, ಅಲ್ರಿ?"

ಆಕೆ ಹೊಗಳಿಕೆಗಾಗಿ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದ ಮನೆಪಾಠವನ್ನು ಅಷ್ಟು ನಿಷ್ಠೆಯಿಂದ ಮಾಡಿದ ತಾಯಿ ಮತ್ತೊಬ್ಬಳಿಲ್ಲ. ಒಲೆಯ ಕಡೆ ಮುಖ, ಮಗಳ ಕಡೆ ಬೆನ್ನು. ಹುಡುಗಿಗೆ ಕಂಡದ್ದು ಬೆನ್ನು ಮಾತ್ರ. ರೊಟ್ಟಿ ಯಾಕೆ ಕೊಡುವುದಿಲ್ಲ, ಏಟು ಯಾಕೆ ಬಿತ್ತು, ಒಂದೂ ತಿಳಿಯದೆ ಇಷ್ಟು ತಿಂಗಳು ಆ ಗೋಡೆಗೆ ಒರಗಿ ಕೂತಿದ್ದಾಳೆ. "ಹೊಡಿಬ್ಯಾಡ್ರಿ," ಎಂದಷ್ಟೇ ಅಂದೆ. ಉಳಿದದ್ದನ್ನು ಅಂದೇ ಇಲ್ಲ. ಛೀ, ಎಂಥ ಹೆಂಗಸು ನಾನು!

ಶಿಬಿರ ಒಂದು ಕಲ್ಯಾಣ ಮಂಟಪದಲ್ಲಿ. ಊಟದ ಹಾಲಿನ ತುಂಬ ಮಕ್ಕಳು, ತಾಯಂದಿರು, ಅಳು, ಗದ್ದಲ. ಮೇಡಂ ಆ ಕಡೆಯ ಟೇಬಲ್ಲಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ನಮ್ಮ ಸರದಿ ಬಂದಾಗ ಡಾಕ್ಟರು ಹುಡುಗಿಯ ಎಡಗಿವಿಗೆ ಬ್ಯಾಟರಿ ಬೆಳಕು ಹಾಕಿ ನೋಡಿ, "ಸೋರಾಕತ್ತದ. ಎಷ್ಟು ದಿನ ಆತು ಕೇಳಿಸದಂಗಾಗಿ?" ಎಂದರು.

ನಾನು ಬಾಯಿ ತೆರೆಯುವ ಮೊದಲು ತಾಯಿಯೇ ಹೇಳಿದಳು: "ದಸರಾ ಕಳದ ಮ್ಯಾಲಿಂದ್ರಿ ಸಾಹೇಬ್ರ. ಅದಕ್ಕಿಂತ ಮದ್ಲ ಕಿವಿ ಛಲೋ ಇತ್ತಂತ, ನಮ್ಮ ಅಕ್ಕೋರು ನೋಡ್ಯಾರ."

ಡಾಕ್ಟರು ಹಾಳೆ ನೋಡಿದರು. ಜೂನ್‌ನಲ್ಲಿ ಸರಿ ಇದೆ. ಕೆಳಗೆ ನನ್ನ ಸಹಿ. "ಹಂಗಾದ್ರ ಚಿಂತಿಲ್ಲ. ಸೋರೋದ್ರಿಂದ ಆಗಿದ್ದು. ಡ್ರಾಪ್ಸ್ ಬರಕೊಡ್ತೀನಿ, ಒಣಗಿದ ಮ್ಯಾಲೆ ತಾನಽ ಕೇಳಿಸ್ತದ. ಮಷಿನ್ ಗಿಷಿನ್ ಬೇಕಾಗಂಗಿಲ್ಲ. ಆರಾಮಾಗದಿದ್ರ ಮುಂದಿನ ಶಿಬಿರಕ್ಕ ಬರ್ರಿ." ಚೀಟಿ ಬರೆಯತೊಡಗಿದರು. ಹಿಂದೆ ನಿಂತಿದ್ದವರು ಆಗಲೇ ಮುಂದಕ್ಕೆ ನೂಕುತ್ತಿದ್ದರು. ತಾಯಿ ಖುಷಿಯಿಂದ ಸೆರಗು ಸರಿಮಾಡಿಕೊಂಡು ಚೀಟಿಗೆ ಕೈ ಚಾಚಿದಳು.

ನನ್ನ ಸುಳ್ಳು ಹುಡುಗಿಯನ್ನು ಇಲ್ಲಿಯವರೆಗೆ ತಂದು, ಬಾಗಿಲಿನಿಂದಲೇ ವಾಪಸು ಕಳಿಸುತ್ತಿತ್ತು. ನಾನು ಆ ಚೀಟಿಯ ಮೇಲೆ ಅಡ್ಡ ಕೈ ಇಟ್ಟೆ. "ಸರ್, ಆ ಹಾಳಿ ತಪ್ಪದ. ಬರದಾಕಿ ನಾನು. ಆಕಿಗೆ ಮೊದಲಿಂದ್ಲೂ ಕೇಳಿಸಂಗಿಲ್ಲ. ಬಾಜೂದ ಹುಡುಗಿ ತಿವಿದಿದ್ದಕ್ಕ ತಿರುಗಿದ್ಲು, ನಾ ನೋಡಲಿಲ್ಲ. ಈಗೊಂದ್ಹತ್ತು ದಿನದ ಹಿಂದ ಗೊತ್ತಾತು. ಗೊತ್ತಾದ ಮ್ಯಾಲೂ ಸುಳ್ಳು ಹೇಳ್ದೆ."

ಡಾಕ್ಟರು ಪೆನ್ನು ಇಟ್ಟರು. ಆ ಕಡೆಯ ಟೇಬಲ್ಲಿನಿಂದ ಮೇಡಂ ಎದ್ದು ಬಂದು ನಿಂತದ್ದು ಕಂಡಿತು. ನನ್ನನ್ನು ಒಂದು ಸಲ ನೋಡಿ, ಹುಡುಗಿಯ ಕೈ ಹಿಡಿದುಕೊಂಡು ಒಳಗಿನ ಕೋಣೆಗೆ ಕರೆದುಕೊಂಡು ಹೋದರು.

ಅಲ್ಲಿ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಅವಳ ಕೈಗೆ ಒಂದು ಮಣಿ ಕೊಟ್ಟರು. ಸಪ್ಪಳ ಕೇಳಿದ ಕೂಡಲೇ ಮಣಿಯನ್ನು ಡಬ್ಬಿಗೆ ಹಾಕಬೇಕು. ಮೊದಲು ಎದುರು ಕೂತು ಹಾಕಿ ತೋರಿಸಿದರು, ಅವಳು ಥಟ್ಟನೆ ಕಲಿತಳು. ಆಮೇಲೆ ಡಾಕ್ಟರು ಅವಳಿಗೆ ಕಾಣದಂತೆ ಯಂತ್ರದ ಗುಂಡಿ ತಿರುಗಿಸತೊಡಗಿದರು. ಹುಡುಗಿ ಮಣಿಯನ್ನು ಕೆನ್ನೆಗೆ ಹತ್ತಿಸಿಕೊಂಡು ಕಾದಳು. ಗುಂಡಿ ಮತ್ತೊಂದು ಗೆರೆ ಮೇಲೆ. ಕಾದಳು. ಮತ್ತೊಂದು. ನಾನೂ ತಾಯಿಯೂ ಬಾಗಿಲಲ್ಲಿ ನಿಂತಿದ್ದೆವು. ಹಾಕವ್ವಾ, ಹಾಕು ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ, ನನ್ನ ಹಾಳೆ ನಿಜವಾಗಲಿ ಎಂದು ಆಗಲೂ ಒಂದು ಆಸೆ. ಗುಂಡಿ ಬಹಳ ಮೇಲೆ ಹೋದ ಮೇಲೆ ಮಣಿ ಬಿತ್ತು. ಸೋರದ, ಒಣಗಿದ್ದ ಬಲಗಿವಿಯೂ ಅಷ್ಟೇ.

"ಇದು ಇತ್ತಿತ್ಲಾಗಿಂದಲ್ಲ," ಎಂದರು ಡಾಕ್ಟರು. "ಹುಟ್ಟಿದಾಗಿಂದನೂ ಇರಬಹುದು. ಒಣ ಕಿವಿಗೆ ಇವತ್ತಽ ಅಳತಿ ತಗೊಳ್ಳೋಣ. ಇನ್ನೊಂದು ಒಣಗಿದ ಮ್ಯಾಲೆ." ಬಲಗಿವಿಯಲ್ಲಿ ಮೆತ್ತನೆಯ ಪದಾರ್ಥ ತುಂಬಿ ಅಚ್ಚು ತೆಗೆದರು. ಹುಡುಗಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು. ಮೇಡಂ ಹೋಗುವಾಗ ನನಗೆ, "ನಾಳಿ ಆಫೀಸಿಗೆ ಬರ್ರಿ, ಮಾತಾಡೋಣ," ಎಂದರು. ಆ ಹೊತ್ತಿಗೆ ಅದರ ಹೆದರಿಕೆಯೂ ಆಗಲಿಲ್ಲ.

ಹೊರಗೆ ಬಂದೆವು. ತಾಯಿ ಮಂಟಪದ ಮೆಟ್ಟಿಲಿನ ಮೇಲೆ ಕೂತಳು. ಬೈಯಲಿ ಎಂದು ಕಾದೆ. ಹಿಡಿಶಾಪ ಹಾಕಿದರೆ ಎಷ್ಟೋ ಹಗುರಾಗುತ್ತಿತ್ತು.

"ಅಕ್ಕೋರೇ," ಎಂದಳು, ಆ ಗಟ್ಟಿ ದನಿ ಎಲ್ಲಿ ಹೋಗಿತ್ತೋ. "ಒಲಿ ಮುಂದ ಕುಂತು ನಾ ಅಂದಿದ್ದು ಒಂದೂ ಆಕಿಗೆ ಕೇಳೇ ಇಲ್ಲೇನ್ರಿ?"

"ಇಲ್ರಿ."

"ಯಾಕ ಹೊಡದ್ಲು ನಮ್ಮವ್ವ ಅಂತನೂ ತಿಳಿದಿಲ್ಲ?"

"ಇಲ್ರಿ ಯವ್ವಾ. ಆದ್ರ ತಪ್ಪು ನಿಮ್ಮದಲ್ಲ. ನಾ ಹೇಳಿದ್ದು, ನೀವು ಮಾಡಿದ್ರಿ. ತಪ್ಪು ನಂದು."

ನನ್ನ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ. ಮಗಳನ್ನು ಎಳೆದು ತನ್ನೆದುರು ನಿಲ್ಲಿಸಿಕೊಂಡಳು, ಎರಡೂ ಕೈಯಲ್ಲಿ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ತಪ್ಪಾತವ್ವಾ," ಎಂದಳು. "ತಪ್ಪಾತು."

ಹುಡುಗಿ ತಾಯಿಯ ತುಟಿಯನ್ನೇ ನೋಡಿದಳು. ಆಮೇಲೆ ಪಾಠಕ್ಕೆ ಕೂತಾಗ ನಾನು ಕಲಿಸಿದ್ದಂತೆ ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿ, ತಾಯಿಯ ತುಟಿ ಹೇಗೆ ಆಡಿತ್ತೋ ಹಾಗೆಯೇ ತನ್ನ ತುಟಿಯನ್ನೂ ಆಡಿಸಿ, ತನಗೆ ಬಂದಂತೆ ಆ ಮಾತನ್ನು ಅಂದಳು. ಎರಡು ಸಲ ಅಂದಳು. ಅಂದು ಮುಗಿಸಿ, ಸರಿ ಬಂತೋ ಇಲ್ಲವೋ, ರೊಟ್ಟಿಯೋ ಏಟೋ ಎಂದು ತಾಯಿಯ ಕೈಯ ಕಡೆ ನೋಡಿದಳು.